ಬಾಣಲೆಯ ಎದುರು ನಾಗಪ್ಪ

ನಾಗರಿಕತೆಗಳು ನದಿಯ ದಂಡೆಯ ಮೇಲೆ ಹುಟ್ಟಿ, ಅಲ್ಲೇ ಬೆಳೆದು, ಕೊನೆಗೊಂದು ದಿನ ತಮ್ಮ ಭಾರಕ್ಕೆ ತಾವೇ ಕುಸಿಯುತ್ತವೆ ಎಂಬುದು ಬಲ್ಲವರ ಮಾತು. ನಮ್ಮ ಕ್ರಾಸಿನಲ್ಲಿ ನದಿ ಇಲ್ಲ. ಮೋರಿ ಇದೆ. ಅದಕ್ಕೂ ಅರ್ಧ ದೂರ ಮಾತ್ರ ಚಪ್ಪಡಿ ಮುಚ್ಚಿದ್ದಾರೆ.

ಕ್ರಾಸು ಜಯನಗರಕ್ಕೂ ಬನಶಂಕರಿಗೂ ನಡುವೆ ಇದೆ. ಮನೆ ಬಾಡಿಗೆಗೆ ಕೊಡುವಾಗ ನಾವೆಲ್ಲ ಜಯನಗರದವರು, ಕಂದಾಯ ಕಟ್ಟುವಾಗ ಬನಶಂಕರಿಯವರು. ಉಳಿದಂತೆ ಸಭ್ಯರೇ. ಒಂದು ವಿಷಯದಲ್ಲಿ ಮಾತ್ರ ಇಡೀ ಕ್ರಾಸಿನಲ್ಲಿ ಅಪೂರ್ವವಾದ ಒಗ್ಗಟ್ಟಿದೆ. ಮನೆಯ ಮುಂದೆ ಖಾಲಿ ಬಿಡಿ ಎಂದು ಕಾನೂನು ಹೇಳಿದ ಜಾಗವನ್ನು ಯಾರೂ ಖಾಲಿ ಬಿಟ್ಟಿಲ್ಲ. ಒಬ್ಬರು ಕಾರ್ ಶೆಡ್ ಕಟ್ಟಿದ್ದಾರೆ, ಇನ್ನೊಬ್ಬರು ಬಚ್ಚಲು ಹಿಗ್ಗಿಸಿದ್ದಾರೆ. ಎದುರು ಮನೆಯ ನಿವೃತ್ತ ಎಂಜಿನಿಯರು ಸರ್ಕಾರಕ್ಕೆ ಜೀವಮಾನವಿಡೀ ರಸ್ತೆ ಹಾಕಿಕೊಟ್ಟವರು. ಅವರ ಮಹಡಿಯ ಮೆಟ್ಟಿಲು ಆ ಜಾಗದಿಂದಲೇ ಏಳುತ್ತದೆ. ನಾನು ತುಳಸಿಕಟ್ಟೆ ಕಟ್ಟಿಸಿದೆ. ತುಳಸಿಗೆ ಬಿಸಿಲು ಹೆಚ್ಚಾಯಿತೆಂದು ಅದರ ಪಕ್ಕಕ್ಕೊಂದು ಕೋಣೆಯೂ ಎದ್ದಿತು.

ಮೂಲೆ ಮನೆಯ ಕಾರ್ ಶೆಡ್ಡಿನಲ್ಲಿ ಕಾರಿರಲಿಲ್ಲ. ಅಲ್ಲಿ ಅಕ್ಕನ ಕಾಂಡಿಮೆಂಟ್ಸ್ ಇತ್ತು. ಆಕೆ ನನಗಿಂತ ಚಿಕ್ಕವರು, ಆದರೆ ಕ್ರಾಸಿನ ಚಿಳ್ಳೆಪಿಳ್ಳೆಯಿಂದ ಮುದುಕರವರೆಗೆ ಎಲ್ಲರಿಗೂ ಅಕ್ಕ. ಮನೆ ಮಾಲೀಕರು ಜೆ.ಪಿ. ನಗರದಲ್ಲಿದ್ದರು; ಶೆಡ್ಡನ್ನೂ ಹಿಂದಿನ ಎರಡು ಕೋಣೆಯನ್ನೂ ಈಕೆಗೆ ಬಾಡಿಗೆಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಆಕೆಯ ಸಂಸಾರ ನಡೆದದ್ದೆಲ್ಲ ಶೆಡ್ಡಿನ ಬಾಗಿಲಲ್ಲಿಟ್ಟ ಒಂದು ದೊಡ್ಡ ಬಾಣಲೆಯ ಮೇಲೆ. ಕೋಡುಬಳೆ, ಚಕ್ಕುಲಿ, ನಿಪ್ಪಟ್ಟು, ಚಳಿಗಾಲದಲ್ಲಿ ಹಿದುಕಿದ ಅವರೆಬೇಳೆಯ ಮಿಕ್ಸ್ಚರು. ಕಣ್ಣೆದುರಿಗೇ ಕರಿದು, ಬಿಸಿಬಿಸಿಯಾಗಿ ಕಾಗದದಲ್ಲಿ ಕಟ್ಟಿ ಕೊಡುವುದೇ ಆ ಅಂಗಡಿಯ ಮರ್ಯಾದೆ. ಪ್ಯಾಕೆಟ್ಟಿನಲ್ಲಿ ಕೇಳಿದರೆ, "ಪ್ಯಾಕೆಟ್ಟು ಬೇಕಾದ್ರೆ ಮಾಲ್‌ಗೆ ಹೋಗಿ ಸಾರ್, ಅಲ್ಲಿ ಏಸೀಲಿ ಇಟ್ಟಿರ್ತಾರೆ" ಎನ್ನುತ್ತಿದ್ದರು.

ಒಂದು ದಿನ ಬೆಳಿಗ್ಗೆ ಇಬ್ಬರು ಹುಡುಗರು ಟೇಪು ಹಿಡಿದು ಬಂದರು. ಮೋರಿಯ ಉದ್ದಕ್ಕೂ ಅಳೆದರು. ಅಕ್ಕನ ಶೆಡ್ಡಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದು ಸೊನ್ನೆ, ಅದರ ಪಕ್ಕಕ್ಕೊಂದು ಬಾಣದ ಗುರುತು ಎಳೆದರು. ನಾನು ಹಾಲು ತರಲು ಹೊರಟವನು ಅಲ್ಲೇ ನಿಂತೆ.

"ಏನಣ್ಣ ಇದು, ನನ್ನ ಗೋಡೆಗೆ?" ಎಂದು ಅಕ್ಕ ಕೇಳಿದರು.

"ನಮಗೇನ್ ಗೊತ್ತಕ್ಕ. ಹಾಕು ಅಂದ್ರು, ಹಾಕಿದ್ವಿ."

"ಯಾರು ಅಂದ್ರು?"

"ಮೇಲಿನೋರು."

ಮೇಲಿನವರು ಎಂದರೆ ನಮ್ಮ ಕಡೆ ಒಂದೋ ದೇವರು, ಇಲ್ಲ ಸರ್ಕಾರ. ಹುಡುಗರು ತಲಾ ಒಂದು ಕೋಡುಬಳೆ ತಿಂದು ಮುಂದಿನ ಕ್ರಾಸಿಗೆ ಹೋದರು.

ಮಧ್ಯಾಹ್ನದ ಹೊತ್ತಿಗೆ ಕ್ರಾಸಿನ ವಾಟ್ಸಾಪ್ ಗುಂಪಿನಲ್ಲಿ ಆ ಸೊನ್ನೆಗೆ ಭಾಷ್ಯಗಳು ಶುರುವಾದವು. ರಸ್ತೆ ಎಂಬತ್ತಡಿ ಆಗುತ್ತದಂತೆ. ಅಲ್ಲ, ಸಿಲ್ಕ್ ಬೋರ್ಡಿನಿಂದ ಫ್ಲೈಓವರು ಬಂದು ಇಲ್ಲೇ ಇಳಿಯುತ್ತದಂತೆ. ಅದೂ ಅಲ್ಲ, ಭೂಮಿಯೊಳಗೆ ಮೆಟ್ರೋ. ಬಾಣ ತೋರಿಸುತ್ತಿರುವುದು ಸ್ಟೇಷನ್ನಿನ ಬಾಗಿಲನ್ನು. ಕ್ರಾಸಿನ ಆ ತುದಿಯಲ್ಲಿ ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದವರಂತೂ ತಮ್ಮ ಫಲಕದ ಮೇಲೆ ‘ಮೆಟ್ರೋಗೆ ಕೂಗಳತೆ’ ಎಂದು ಅಂದು ಸಂಜೆಯೇ ಬರೆಸಿಬಿಟ್ಟರು. ಸುದ್ದಿಗಿಂತ ಪೇಂಟರು ಮುಂದಿದ್ದ.

"ರೀ, ಮೆಟ್ರೋ ನಮ್ಮ ಬಚ್ಚಲಿನ ಕೆಳಗೇ ಹೋಗತ್ತಂತೆ!" ಎಂದು ನನ್ನ ಹೆಂಡತಿ ಫೋನು ಹಿಡಿದೇ ಅಡುಗೆಮನೆಯಿಂದ ಓಡಿ ಬಂದಳು.

"ಹೋಗ್ಲಿ ಬಿಡು. ನಾನು ಸ್ನಾನಕ್ಕೆ ಹೋಗೋಕ್ ಮುಂಚೆ ಹೋದ್ರೆ ಸಾಕು."

"ನಿಮಗೆ ತಮಾಷೆ. ಮುಂದಿನ ಕೋಣೆ ಹೋದ್ರೆ ನಿಮ್ಮ ಹಳೇ ಪುಸ್ತಕಾನೆಲ್ಲ ತಲೆ ಮೇಲೆ ಹೊತ್ಕೊಂಡ್ ಕೂರ್ತೀರಾ?"

ಆಗ ನನಗೂ ಲೆಕ್ಕ ಹೊಳೆಯಿತು. ರಸ್ತೆ ಎತ್ತ ಅಗಲವಾದರೂ ಮೊದಲು ಹೋಗುವುದು ನಾವು ಬಿಡದೆ ಉಳಿಸಿಕೊಂಡ ಜಾಗ. ನನಗೆ ಹೋದರೆ ಒಂದು ಕೋಣೆ, ಎಂಜಿನಿಯರರಿಗೆ ಮೆಟ್ಟಿಲು. ಅಕ್ಕನಿಗೆ ಅಂಗಡಿಯೇ. ಆಕೆಯ ಬದುಕೆಲ್ಲ ಆ ಗುರುತಿನಿಂದ ಒಳಕ್ಕೆ ಒಂದು ಮಾರು ದೂರದಲ್ಲಿತ್ತು.

ಮರುದಿನ ಪಾರ್ಕಿನ ಕಲ್ಲುಬೆಂಚಿನ ಮೇಲೆ ಸಭೆ ಸೇರಿತು. ಬೆಳಗಿನ ವಾಕಿಂಗ್ ಎಂಬ ಹೆಸರಿನಲ್ಲಿ ನಾವು ದಿನವೂ ಕೂರುವುದು ಅಲ್ಲೇ. ಅಕ್ಕ ಅಂಗಡಿ ಮುಚ್ಚಿ ಬಂದಿದ್ದರು. ಅವರು ಅಂಗಡಿ ಮುಚ್ಚಿದ್ದನ್ನು ನೋಡಿಯೇ ಅರ್ಧ ಜನಕ್ಕೆ ಪರಿಸ್ಥಿತಿಯ ಗಾಂಭೀರ್ಯ ಅರ್ಥವಾಯಿತು.

"ವಾರ್ಡ್ ಆಫೀಸಿಗೆ ಹೋಗಿ ಏನದು ಅಂತ ಕೇಳ್ಬಾರ್ದಾ ಸಾರ್? ನೀವೆಲ್ಲ ಓದಿದೋರು" ಎಂದರು.

ಪ್ರತಿಯೊಬ್ಬರೂ ತಮ್ಮ ತಮ್ಮ ಬೂಟಿನ ಲೇಸನ್ನು ಪರೀಕ್ಷಿಸಿಕೊಂಡರು. ಕೊನೆಗೆ ಎಂಜಿನಿಯರು ಗಂಟಲು ಸರಿಮಾಡಿಕೊಂಡರು.

"ಕೇಳೋದಾಮ್ಮಾ? ಮಲಗಿರೋ ಆಫೀಸನ್ನ ತಟ್ಟಿ ಎಬ್ಬಿಸಿ, ‘ಸ್ವಾಮಿ, ನಮ್ಮ ಕ್ರಾಸಿಗೆ ಬನ್ನಿ, ನಮ್ಮ ಮನೆಗಳನ್ನ ಒಂದ್ಸಲ ಅಳೀರಿ’ ಅಂತ ಹೇಳೋದಾ? ಮೂವತ್ತು ವರ್ಷ ಆ ಕುರ್ಚೀಲಿ ಕೂತಿದ್ದೋನು ನಾನು. ಕೇಳಕ್ಕೆ ಬಂದೋರ ಮನೇನೇ ನಾವು ಮೊದಲು ಅಳೀತಾ ಇದ್ದಿದ್ದು."

ಇದು ಎಲ್ಲರಿಗೂ ಸರಿಯೆನಿಸಿತು. ಒಂದು ಸಣ್ಣ ಪ್ರಶ್ನೆ ಕೇಳಲು ಇಡೀ ಕ್ರಾಸಿನಲ್ಲಿ ಒಬ್ಬನಿಗೂ ಮುಖವಿರಲಿಲ್ಲ. ಇವತ್ತು ನೆನೆದರೂ ನನಗೆ ಗಾಬರಿಯಾಗುತ್ತದೆ: ಡಾಕ್ಟರು, ಲೆಕ್ಚರರು, ಬ್ಯಾಂಕಿನವರು ಎಲ್ಲ ಇದ್ದೆವು, ವಾರ್ಡ್ ಆಫೀಸು ನಡೆದು ಹೋಗುವಷ್ಟು ಹತ್ತಿರವಿತ್ತು.

ಎಂಜಿನಿಯರ ಬಳಿ ಪರಿಹಾರವಿತ್ತು.

"ನನ್ನ ಸರ್ವಿಸ್ಸಲ್ಲಿ ಮನೆ ಸರಿಸಿದೀನಿ, ಮರ ಸರಿಸಿದೀನಿ, ಒಂದ್ಸಲ ಇಸ್ಕೂಲನ್ನೇ ಸರಿಸಿದೀನಿ. ದೇವರನ್ನ ಮಾತ್ರ ಸರ್ಸಕ್ಕಾಗ್ಲಿಲ್ಲ. ರಸ್ತೆನೇ ಸೊಟ್ಟ ಮಾಡ್ಕೊಂಡು ಹೋಗಿದೀವಿ. ನಮ್ಮ ಮೋರಿ ಸಂದೀಲಿ ಒಂದು ಅರಳಿ ಗಿಡ ಇದ್ಯಲ್ಲ, ಅಕ್ಕನ ಶೆಡ್ ಮುಂದೆ?"

ಇತ್ತು. ಚಪ್ಪಡಿಯ ಬಿರುಕಿನಲ್ಲಿ ಯಾವುದೋ ಕಾಗೆಯ ಕೃಪೆಯಿಂದ ಹುಟ್ಟಿ, ಸೊಂಟದೆತ್ತರಕ್ಕೆ ಬೆಳೆದಿತ್ತು. ಅದನ್ನು ಕೀಳಿಸಬೇಕೆಂದು ಹಿಂದಿನ ತಿಂಗಳು ತೀರ್ಮಾನಿಸಿದ್ದೂ ಇದೇ ಬೆಂಚು.

ಯಾವ ದೇವರೆಂಬ ಚರ್ಚೆ ಬೇಗ ಮುಗಿಯಿತು. ಗಣೇಶ ಮೇನ್ ರೋಡಿನ ಎರಡೂ ತುದಿಯಲ್ಲಿದ್ದಾನೆ. ಆಂಜನೇಯನಿಗೆ ಎತ್ತರ ಬೇಕು, ಮೇಲೆ ಕರೆಂಟಿನ ತಂತಿ. ಅರಳಿ ಇದ್ದ ಮೇಲೆ ನಾಗಪ್ಪನೇ ಸರಿ; ಒಂದು ಕಲ್ಲು ಸಾಕು, ಖರ್ಚೂ ಕಡಿಮೆ.

"ಅಂಗಡಿ ಉಳಿಯತ್ತಾ ಸಾರ್?" ಎಂದು ಅಕ್ಕ ಕೇಳಿದರು.

"ನಿಮ್ಮ ಅಂಗಡಿಗೋಸ್ಕರಾನೇ ಅಲ್ವೇನಮ್ಮಾ ಇದೆಲ್ಲ!" ಎಂದೆವು ಎಲ್ಲರೂ, ಒಬ್ಬೊಬ್ಬರೂ ನಮ್ಮ ನಮ್ಮ ಮೆಟ್ಟಿಲು, ಬಚ್ಚಲು, ಕೋಣೆಗಳನ್ನು ಕಣ್ಮುಂದೆ ತಂದುಕೊಂಡು.

ಸರ್ಕಾರಕ್ಕೆ ರಜೆಯಿರುವ ಭಾನುವಾರವೇ ಪ್ರಶಸ್ತವೆಂದು ಮುಹೂರ್ತ ಇಟ್ಟೆವು. ಹೆಡೆ ಬಿಚ್ಚಿದ ಜೋಡಿ ನಾಗರಕಲ್ಲು ಟೆಂಪೋದಲ್ಲಿ ಬಂತು. ಪುರೋಹಿತರು ಗಿಡವನ್ನು ನೋಡಿ, ಅರಳಿ ಒಂಟಿಯಾಗಿರಬಾರದು, ಬೇವು ಜೊತೆಗಿರಬೇಕು ಎಂದರು. ನರ್ಸರಿಯಿಂದ ಬೇವಿನ ಸಸಿ ತರಿಸಿ ಅಲ್ಲೇ ಮದುವೆ ಮಾಡಿದೆವು. ನಾನು ಛತ್ರಿ ಹಿಡಿದೆ. ಮೊದಲ ಹಾಲೆರೆದದ್ದು ಅಕ್ಕ. ತಂಬಿಟ್ಟು, ಕೋಸಂಬರಿ ಅವರದೇ. ಗೋಡೆಯ ಕೆಂಪು ಗುರುತಿನ ಮೇಲೆ ಕೈಯಾರೆ ಅರಿಸಿನ ಬಳಿದು, "ಇನ್ನು ಮುಟ್ಲಿ ನೋಡೋಣ" ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

ಯಾರೂ ಮುಟ್ಟಲು ಬರಲಿಲ್ಲ. ವಾರಗಳು ಕಳೆದವು, ತಿಂಗಳುಗಳೂ. ಎಂಜಿನಿಯರು ಪಾರ್ಕಿನಲ್ಲಿ ಗೆದ್ದ ಪೈಲ್ವಾನನಂತೆ ನಡೆಯತೊಡಗಿದರು. ಅಕ್ಕನ ವ್ಯಾಪಾರವೂ ಚೆನ್ನಾಗಿತ್ತು. ಕೈಮುಗಿಯಲು ನಿಂತವರು ಕಾಲು ಕೇಜಿ ಚಕ್ಕುಲಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಆ ದಿನಗಳಲ್ಲಿ ಯಾರಾದರೂ ನಮ್ಮ ಕ್ರಾಸನ್ನು ನೋಡಿದ್ದರೆ, ಬೆಂಗಳೂರಿನಲ್ಲಿ ಬುದ್ಧಿಯಿರುವ ಜನ ಇಲ್ಲಿ ಮಾತ್ರ ಇದ್ದಾರೆ ಎಂದುಕೊಳ್ಳುತ್ತಿದ್ದರು. ನಾವಂತೂ ಅಂದುಕೊಂಡಿದ್ದೆವು.

ಮೊದಲ ಆಘಾತ ನನಗೆ ತಗುಲಿದ್ದು ಮಡಿವಾಳದಿಂದ ಬರುವ ಆಟೋದಲ್ಲಿ. ನಾನು ವಿಳಾಸ ಹೇಳಿದೊಡನೆ ಆಟೋದವನು ಹ್ಯಾಂಡಲಿನಿಂದ ಕೈ ತೆಗೆದು ಕಣ್ಣಿಗೊತ್ತಿಕೊಂಡ.

"ಉದ್ಭವ ನಾಗಪ್ಪನ ಕ್ರಾಸಾ ಸಾರ್?"

"ಉದ್ಭವಾನಾ?"

"ಗೊತ್ತಿಲ್ವಾ ಸಾರ್? ಅಲ್ಲೇ ಇದ್ದೀರಾ! ರಸ್ತೆ ಅಗಲ ಮಾಡಕ್ಕೆ ಜೇಸಿಬಿ ತಂದ್ರಂತೆ. ಮೋರಿ ಅಗೀತಿದ್ದಂಗೆ ಠಣ್ ಅಂತಂತೆ. ನೋಡಿದ್ರೆ ಕಲ್ಲಲ್ಲಿ ನಾಗಪ್ಪ ಎದ್ದಿದಾನೆ! ಜೇಸಿಬಿ ಹಲ್ಲೇ ಮುರ್ದೋಯ್ತಂತೆ. ಡ್ರೈವರ್ ಇನ್ನೂ ಮಾತಾಡ್ತಿಲ್ವಂತೆ ಸಾರ್."

"ಆ ಕಲ್ಲನ್ನ ಟೆಂಪೋದಲ್ಲಿ ತಂದಿದ್ದಪ್ಪ. ನಾನೇ ಛತ್ರಿ ಹಿಡಿದಿದ್ದೆ."

ಅವನು ಕನ್ನಡಿಯಲ್ಲಿ ನನ್ನನ್ನು ಕನಿಕರದಿಂದ ನೋಡಿದ. "ನಂಬಿಕೆ ಇಲ್ದಿದ್ರೆ ಬಿಡಿ ಸಾರ್, ಹಂಗೆಲ್ಲ ಮಾತಾಡ್ಬೇಡಿ. ಸಂಜೆ ಹೊತ್ತು."

ನಾನು ನೇರವಾಗಿ ಎಂಜಿನಿಯರ ಮನೆಗೆ ಹೋಗಿ ಈ ಕಥೆ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ. ಅವರು ನಗಲಿಲ್ಲ. "ಅಲ್ಲಾ, ವಿಗ್ರಹದ ಅಂಗಡೀಲಿ ಅಷ್ಟೊಂದು ಕಲ್ಲಿತ್ತಲ್ಲ. ನಾವು ಆ ಕಲ್ಲನ್ನೇ ಯಾಕೆ ಆರಿಸ್ಕೊಂಡ್ವಿ? ಯೋಚ್ನೆ ಮಾಡಿ" ಎಂದರು. ಕಾಂಕ್ರೀಟಿನ ಮಿಶ್ರಣವನ್ನು ಕೈಯಲ್ಲಿ ಉಜ್ಜಿ ನೋಡಿದ ಹೊರತು ನಂಬದಿದ್ದ ಮನುಷ್ಯ. ನಾನು ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಆಮೇಲಿನ ಬೆಳವಣಿಗೆಯನ್ನು ಅಭಿವೃದ್ಧಿ ಎನ್ನದೆ ಬೇರೇನೆನ್ನಲೂ ಬಾರದು. ಯಾರೋ ಗ್ರಾನೈಟು ಹಾಕಿಸಿದರು. ಇನ್ನಾರೋ ಮಗಳ ಮದುವೆ ಕುದುರಿದ ಸಂತೋಷಕ್ಕೆ ಸುತ್ತ ಗ್ರಿಲ್ಲು ಇಟ್ಟರು. ಮೇಲೆ ತಗಡಿನ ಚಾವಣಿ ಬಂತು. ಅದರ ಅಂಚು ಅಕ್ಕನ ಶೆಡ್ಡಿನ ಗೇಟಿಗೆ ತಾಗಿತು. ಹುಂಡಿ ಬಂತು, ಹುಂಡಿಯ ಹಿಂದೆ ಸಮಿತಿ ಬಂತು, ಸಮಿತಿಗೆ ಎಂಜಿನಿಯರು ಅಧ್ಯಕ್ಷರಾದರು. ಉತ್ತರಹಳ್ಳಿ, ಬಿಟಿಎಂ, ಎಲ್ಲೆಲ್ಲಿಂದಲೋ ಸ್ಕೂಟರುಗಳು ಬಂದು ನಮ್ಮ ಗೇಟುಗಳ ಮುಂದೆ ನಿಂತವು. ರಸ್ತೆ ಅಗಲವಾದೀತೆಂದು ಹೆದರಿದ್ದ ಕ್ರಾಸಿನಲ್ಲಿ ಎರಡು ಕಾರು ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಲೇಬೇಕಾಯಿತು.

ಅಕ್ಕ ಇದಕ್ಕೆಲ್ಲ ಹೊಂದಿಕೊಂಡರು. ಹಾಲು, ಅರಿಸಿನದ ನೀರು ಶೆಡ್ಡಿನೊಳಗೆ ಹರಿದು ಬಂದರೆ ಗೋಣಿಚೀಲ ಅಡ್ಡ ಹಾಕುತ್ತಿದ್ದರು. "ದೇವರೇ ಅಲ್ವಾ, ಬೇರೆಯೋರಾ" ಎನ್ನುತ್ತಿದ್ದರು.

ಆಮೇಲೆ ನಾಗರ ಪಂಚಮಿ ಬಂತು.

ಆ ದಿನ ನಮ್ಮ ಕಡೆಯ ಮನೆಗಳಲ್ಲಿ ಒಲೆಯ ಮೇಲೆ ಬಾಣಲೆ ಏರುವುದಿಲ್ಲ. ಕರಿಯುವಂತಿಲ್ಲ, ಹುರಿಯುವಂತಿಲ್ಲ, ಹಬೆಯಲ್ಲಿ ಬೆಂದ ಕಡುಬಿಗೆ ಮಾತ್ರ ಪ್ರವೇಶ. ಎಣ್ಣೆ ಕಾಯಿಸಿದರೆ ನಾಗಪ್ಪನಿಗೆ ಸುಡುತ್ತದೆ ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಇದು ಕ್ರಾಸಿನ ಪ್ರತಿ ಮನೆಗೂ ಗೊತ್ತಿದ್ದ ಸಂಗತಿ, ಪುರೋಹಿತರಿಗೆ ಗೊತ್ತಿತ್ತು, ನನ್ನ ಹೆಂಡತಿಗೆ ಗೊತ್ತಿತ್ತು, ಸ್ವತಃ ಅಕ್ಕನಿಗೂ ಗೊತ್ತಿತ್ತು. ಹಾಗಿದ್ದೂ, ಎಣ್ಣೆ ಕಾಯಿಸಿಯೇ ಬದುಕುವ ಅಂಗಡಿಯ ಬಾಗಿಲಿಗೆ ನಾಗಪ್ಪನನ್ನು ತಂದು ಕೂರಿಸುವಾಗ ಒಬ್ಬರಿಗೂ ಇದು ಹೊಳೆಯಲಿಲ್ಲ. ಅಷ್ಟು ಜನ, ಅಷ್ಟು ವಯಸ್ಸು, ಅಷ್ಟು ಪಂಚಮಿಗಳನ್ನು ಉಂಡವರು!

ಪಂಚಮಿಯ ದಿನ ಅಕ್ಕ ತಾವಾಗಿಯೇ ಬಾಣಲೆ ಇಡಲಿಲ್ಲ. ತೊಂದರೆ ಶುರುವಾದದ್ದು ಮರುದಿನ. ಹಿಂದಿನ ದಿನ ಗದ್ದಲವೆಂದು ತಡವಾಗಿ ಬಂದ ಒಬ್ಬ ಹೆಂಗಸು, ಹಾಲಿನ ಚೊಂಬು ಹಿಡಿದು ನಿಂತವರು, ಹಿಂದಿನಿಂದ ಚೊಂಯ್ ಎಂದದ್ದು ಕೇಳಿ ತಿರುಗಿದರು.

"ಅಯ್ಯಯ್ಯೋ! ನಾಗಪ್ಪನ ಮುಖದೆದುರಿಗೇ ಎಣ್ಣೆ ಕಾಯಿಸ್ತೀರಾ? ನಿಮಗೆ ಮಕ್ಕಳು ಮರಿ ಇಲ್ವಾ?"

"ಇದಾಳಮ್ಮಾ ಒಬ್ಳು ಮಗಳು. ಇದೇ ಎಣ್ಣೇಲೇ ಬೆಳೆದಿದ್ದು" ಎಂದರು ಅಕ್ಕ.

ಆ ಉತ್ತರ ದುರಹಂಕಾರವೆಂದು ದಾಖಲಾಯಿತು. ಸಮಿತಿಗೆ ದೂರು ಹೋಯಿತು. ಮಂಗಳವಾರ ನಾಗಪ್ಪನಿಗೆ ವಿಶೇಷ, ಅಂದು ಕರಿಯುವುದು ಬೇಡ ಎಂದರು. ಅಕ್ಕ ಒಪ್ಪಿದರು. ಷಷ್ಠಿ ಬೇಡ ಎಂದರು, ಒಪ್ಪಿದರು. ಭಾನುವಾರ ಭಕ್ತರು ಹೆಚ್ಚು, ಅಂದೂ ಬೇಡ ಎಂದಾಗ, "ಭಾನುವಾರ ಬಿಟ್ರೆ ನನಗೆ ವ್ಯಾಪಾರ ಯಾವತ್ತು ಸಾರ್?" ಎಂದು ಅಧ್ಯಕ್ಷರನ್ನು ಕೇಳಿದರು. ಅಧ್ಯಕ್ಷರು ಮೆಟ್ಟಿಲ ಮೇಲೆ ನಿಂತು, "ನನ್ನ ಕೈಲಿ ಏನಿದೆಯಮ್ಮಾ, ಭಕ್ತರ ಭಾವನೆ" ಎಂದರು. ಆ ಮೆಟ್ಟಿಲು ಆಗಲೂ ಗಟ್ಟಿಯಾಗಿತ್ತು.

ಸ್ವಲ್ಪ ದಿನಕ್ಕೆ ಗ್ರಿಲ್ಲಿನ ಮೇಲೆ ಫಲಕ ಬಂತು: ‘ಸನ್ನಿಧಿಯ ಎದುರು ಕರಿಯುವುದನ್ನು ನಿಷೇಧಿಸಲಾಗಿದೆ.’ ಪ್ರಪಂಚದಲ್ಲಿ ಇಂಥ ಫಲಕ ಬೇರೆಲ್ಲೂ ಇರಲಾರದು. ನಾನು ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ. ಎಲ್ಲ ಬೀದಿಯಲ್ಲೂ ಕಸ ಹಾಕಬಾರದು, ಮೂತ್ರ ಮಾಡಬಾರದು ಎಂದಿರುತ್ತದೆ. ನಮ್ಮ ಬೀದಿಯಲ್ಲಿ ಚಕ್ಕುಲಿ ಮಾಡಬಾರದು.

ಸಮಿತಿಯ ಸಭೆಯಲ್ಲಿ ನಾನು ಎದ್ದು ನಿಂತು, ದೇವರಿಗಿಂತ ಅಂಗಡಿ ಹಳೆಯದು ಎಂದು ವಿನಯದಿಂದ ಹೇಳಿದೆ. "ಅಂಕಲ್, ಉದ್ಭವಕ್ಕೆ ಹಳೇದು ಹೊಸದು ಇರತ್ತಾ?" ಎಂದು ಅಪಾರ್ಟ್‌ಮೆಂಟಿನಿಂದ ಬಂದಿದ್ದ ಹೊಸ ಸದಸ್ಯನೊಬ್ಬ ಕೇಳಿದ. ಸಭೆ ಚಪ್ಪಾಳೆ ತಟ್ಟಿತು. ಟೆಂಪೋವನ್ನು ಕಣ್ಣಾರೆ ಕಂಡವರೂ ತಟ್ಟಿದರು.

ಅಕ್ಕ ಬಾಣಲೆಯನ್ನು ಹಿಂದಿನ ಕೋಣೆಗೆ ಒಯ್ದರು. ಗ್ರಿಲ್ಲು, ಚಪ್ಪಲಿಯ ರಾಶಿ, ಸ್ಕೂಟರುಗಳನ್ನು ದಾಟಿ ಅಲ್ಲಿಯವರೆಗೆ ಯಾರೂ ಹೋಗಲಿಲ್ಲ. ಒಂದು ಸಂಜೆ ನಾನು ಮಾತ್ರ ಹೋಗಿ ಕೂತಿದ್ದೆ. ಹಿಂದಿನ ಬಾಗಿಲು ಸದ್ದಿಲ್ಲದೆ ತೆರೆಯಿತು. ಶಾಲು ಹೊದ್ದು, ಸಂದಿಯಿಂದ ನುಸುಳಿಕೊಂಡು ಬಂದವರು ಎಂಜಿನಿಯರು.

"ಕಾಲು ಕೇಜಿ ನಿಪ್ಪಟ್ಟು ಕೊಡಮ್ಮಾ, ಬೇಗ" ಎಂದರು ಪಿಸುದನಿಯಲ್ಲಿ.

"ಬನ್ನಿ ಅಧ್ಯಕ್ಷರೇ! ಬೋರ್ಡು ಹಾಕಿಸಿದೋರಿಗೇ ಬಾಯಿ ತಡೀಲಿಲ್ವಾ?" ಎಂದರು ಅಕ್ಕ. "ಕೂತ್ಕೊಳ್ಳಿ. ನಾಗಪ್ಪ ಈ ಕಡೆ ತಿರುಗಿ ನೋಡಲ್ಲ."

ಅವರು ಕೂರಲಿಲ್ಲ. ನನ್ನನ್ನು ಕಂಡು, "ವಾಕಿಂಗ್ ಬಂದಿದ್ದೆ" ಎಂದರು.

ಇದಾದ ಮೇಲೆ, ಒಂದು ಬೆಳಿಗ್ಗೆ, ಟೇಪಿನ ಹುಡುಗರು ಮತ್ತೆ ಬಂದರು. ಈ ಸಲ ಹಿಂದೆ ಒಂದು ಲಾರಿಯಿತ್ತು, ಅದರಲ್ಲಿ ಹಳದಿ ಪೈಪಿನ ಸುರುಳಿಗಳು. ಕ್ರಾಸಿನ ಬಾಯಲ್ಲಿ ನಿಂತು, ನಾಗಪ್ಪನನ್ನು ನೋಡಿ, ಇಬ್ಬರೂ ಕೈಮುಗಿದರು. ಅಕ್ಕ, ನಾನು, ಎಂಜಿನಿಯರು ಮೂವರೂ ಹೊರಗೆ ಓಡಿ ಬಂದೆವು.

"ಏನಪ್ಪಾ, ಯಾವ ಪೈಪು?"

"ಗ್ಯಾಸು ಸಾರ್. ಮನೆಮನೆಗೆ ಅಡುಗೆ ಗ್ಯಾಸ್ ಲೈನು. ಅವಾಗ ಮಾರ್ಕ್ ಮಾಡಿ ಹೋಗಿದ್ವಲ್ಲ, ಈ ಅಕ್ಕನ ಗೋಡೆ ಮೇಲೆ."

"ರಸ್ತೆ ಅಗಲ?" ಎಂದರು ಎಂಜಿನಿಯರು.

"ಯಾವ್ ರಸ್ತೆ ಸಾರ್? ಮೋರಿ ಪಕ್ಕ ಒಂದಡಿ ಅಗೆದು ಪೈಪ್ ಹಾಕಿ ಮುಚ್ಚೋದು, ಅಷ್ಟೇ. ಮೊದಲ ಕನೆಕ್ಷನ್ ಈ ಅಂಗಡಿಗೇ ಇತ್ತು. ಈಗ ದೇವರಿದೆ, ನಾವು ಮುಟ್ಟಲ್ಲಪ್ಪ. ಮುಂದಿನ ಕ್ರಾಸಿಂದಾನೇ ತಗೊಂಡು ಹೋಗ್ತೀವಿ."

ಎಂಜಿನಿಯರು ತಮ್ಮ ಮೆಟ್ಟಿಲಿನ ಕೊನೆಯ ಹಂತದ ಮೇಲೆ ಕುಸಿದು ಕೂತರು. ಅಷ್ಟೂ ಕಾಲ ಒಂದು ಮಾತು ಕೇಳಿದ್ದರೆ ತಿಳಿಯುತ್ತಿತ್ತು.

ಅಕ್ಕ ಹುಡುಗನ ಮುಖವನ್ನೇ ನೋಡುತ್ತ ನಿಂತಿದ್ದರು.

"ಅಂದ್ರೆ ನನ್ನ ಅಂಗಡಿ ಒಡೆಯಕ್ಕೆ ಯಾರೂ ಬರ್ತಾನೇ ಇರ್ಲಿಲ್ವಾ?"

"ಯಾರಕ್ಕ ಒಡೀತಾರೆ? ಅವತ್ತು ತಿಂದ ಕೋಡುಬಳೆ ಇನ್ನೂ ನೆನಪಿದೆ. ಇದ್ಯಾ?"

"ಇಲ್ಲ ಕಣಪ್ಪಾ. ಇಲ್ಲಿ ಕರಿಯಂಗಿಲ್ಲ" ಎಂದು ಫಲಕ ತೋರಿಸಿದರು. ಹುಡುಗ ಅದನ್ನು ಓದಿ, ಇನ್ನೊಮ್ಮೆ ಓದಿ, ನಮ್ಮ ಮೂವರ ಮುಖವನ್ನೂ ನೋಡಿದ.

ಅಕ್ಕ ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಒಳಗೆ ಹೋಗಿ ಬಾಣಲೆಯನ್ನು ಬೂದಿ ಹಾಕಿ ತಿಕ್ಕಿ ತೊಳೆಯಲು ಕೂತರು. ಸಂಜೆ ಜೆ.ಪಿ. ನಗರಕ್ಕೆ ಫೋನು ಮಾಡಿ ಮಾಲೀಕರಿಗೆ ಶೆಡ್ಡು ಬಿಡುವುದಾಗಿ ಹೇಳಿದರು. ನನ್ನ ಹೆಂಡತಿ ಹೋಗಿ ಕೈಹಿಡಿದು, ಹೋಗಬೇಡಿ ಎಂದು ಕೇಳಿಕೊಂಡಾಗ, "ಬಿಡೀಮ್ಮಾ, ದೇವರ ಜೊತೆ ಯಾರು ಜಗಳ ಆಡ್ತಾರೆ" ಎಂದರಂತೆ.

ಮುಂದಿನ ಕ್ರಾಸಿನ ಮನೆಗಳಿಗೆಲ್ಲ ಗ್ಯಾಸ್ ಪೈಪು ಬಂದಿದೆ. ನಾವು ಸಿಲಿಂಡರಿಗೆ ಕಾಯುತ್ತೇವೆ. ಅಕ್ಕ ಉತ್ತರಹಳ್ಳಿಯಲ್ಲಿ ಬಸ್ ಸ್ಟಾಪಿನ ಹತ್ತಿರ ಅಂಗಡಿ ಇಟ್ಟಿದ್ದಾರೆ. ಅವರ ಶೆಡ್ಡನ್ನು ಮಾಲೀಕರು ಸಮಿತಿಗೆ ಬಾಡಿಗೆಗೆ ಕೊಟ್ಟಿದ್ದಾರೆ, ಅಲ್ಲಿ ಭಕ್ತರ ಚಪ್ಪಲಿ ಇಡುತ್ತಾರೆ.